ಬೊಟ್ಟನಿಗೆ ದಿನವೂ ಸ್ನಾನ

ಪಾವಗಡದಲ್ಲಿ ಕುರಿಗಳಿಗೆ ಲಸಿಕೆ ಹಾಕುವ ಕೆಲಸ ಮುಗಿಸಿ ಮಧುಗಿರಿ ಬಸ್ಸು ಹತ್ತಿದ್ದೆ. ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಕೊರಟಗೆರೆಗೆ ಬರಬೇಕಿತ್ತು. ಮಿಡಿಗೇಶಿ ಇನ್ನೇನು ಬಂತು ಅನ್ನುವಾಗ ಮಳೆ ಶುರುವಾಯಿತು. ಈ ಸೀಮೆಯಲ್ಲಿ ಮಳೆ ಬಂದರೆ ಬಸ್ಸಿನೊಳಗೆ ಯಾರೂ ಅವಸರದಿಂದ ಕಿಟಕಿ ಎಳೆಯುವುದಿಲ್ಲ. ಬಂದದ್ದೇ ಹೆಚ್ಚು, ನಾಲ್ಕು ಹನಿ ನಮ್ಮ ಮೇಲೂ ಬೀಳಲಿ ಎಂದು ಕೂತಿರುತ್ತಾರೆ. ಅಷ್ಟರಲ್ಲಿ ಒಂದು ಕುರಿಮಂದೆ ರಸ್ತೆಗೆ ಅಡ್ಡ ಬಂತು. ಡ್ರೈವರು ಹಾರ್ನ್ ಒತ್ತೇ ಒತ್ತಿದ, ಕುರಿಗಳು ಕಿವಿಗೇ ಹಾಕಿಕೊಳ್ಳಲಿಲ್ಲ. ಬಸ್ಸು ನಿಂತಿತು. ಕಿಟಕಿಯಿಂದ ಒದ್ದೆ ಉಣ್ಣೆಯ ವಾಸನೆ ಒಳಗೆ ನುಗ್ಗಿತು.

ಪಕ್ಕದಲ್ಲಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಕಿಟಕಿಯ ಕಡೆಗೆ ಇನ್ನಷ್ಟು ಬಗ್ಗಿದೆ. ನಾನು ದನ ಕುರಿಗಳ ಡಾಕ್ಟರು, ಈ ವಾಸನೆ ನನ್ನ ಬಟ್ಟೆಯಲ್ಲೇ ಇರುತ್ತದೆ. ಆದರೂ ಒದ್ದೆ ಉಣ್ಣೆ ಎಂದರೆ ನನಗೆ ನೆನಪಾಗುವುದು ಒಂದೇ ಟಗರು, ಒಂದೇ ವರ್ಷ.

"ಮಿಡಿಗೇಶೀಲೇ ಇಳ್ಕೊತೀನಿ" ಅಂದೆ ಕಂಡಕ್ಟರಿಗೆ.

"ಮಧುಗಿರಿಗೆ ಟಿಕೆಟ್ ತಗಂಡಿದ್ದೀರಲ್ಲ ಮೇಡಂ?"

"ಇರ್ಲಿ ಬಿಡಪ್ಪ."

ಆ ವರ್ಷ ನನಗೆ ಮಿಡಿಗೇಶಿ ಕಡೆಗೆ ಹೊಸದಾಗಿ ಪೋಸ್ಟಿಂಗ್ ಆಗಿತ್ತು. ಮಧುಗಿರಿಯಲ್ಲಿ ಬೆಟ್ಟದ ಬುಡದ ಒಂದು ಬೀದಿಯಲ್ಲಿ ಮನೆ ಮಾಡಿಕೊಂಡು ದಿನಾ ಸ್ಕೂಟರಿನಲ್ಲಿ ಓಡಾಡುತ್ತಿದ್ದೆ. ಮನೆ ದೊಡ್ಡದಿತ್ತು, ಬಾಡಿಗೆ ಹಂಚಿಕೊಳ್ಳಲು ಯಾರಾದರೂ ಸಿಕ್ಕರೆ ಆಗಬಹುದಿತ್ತು. ಸಿಕ್ಕಿದವಳು ಚೇತನಾ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುವ ಅತಿಥಿ ಉಪನ್ಯಾಸಕಿ, ನನಗಿಂತ ಐದಾರು ವರ್ಷಕ್ಕೆ ಚಿಕ್ಕವಳು. ಬಂದ ದಿನವೇ ಅಡುಗೆಮನೆ ನೋಡಿ, "ಅಕ್ಕ, ನಾನು ಮಾಂಸ ತಿನ್ನಲ್ಲ. ಹಾಲು, ಮೊಸರೂ ಬಿಟ್ಟಿದ್ದೀನಿ" ಅಂದಳು.

ನಮ್ಮ ಮನೆ ಎಂಥದು ಅಂದರೆ, ಭಾನುವಾರ ಒಲೆ ಮೇಲೆ ಬಾಡು ಬೇಯುತ್ತಿಲ್ಲ ಎಂದರೆ ಯಾರಿಗೋ ಜ್ವರ ಬಂದಿದೆ ಎಂದೇ ಅರ್ಥ. "ಹಂಗಾದ್ರೆ ಬದುಕಿರೋದು ಯಾತಕ್ಕೆ ತಾಯಿ?" ಅಂತ ಕೇಳಿಯೇಬಿಟ್ಟೆ. ಅವಳು ನಕ್ಕಳು. ಅವಳ ತಂದೆ ದೊಡ್ಡಬಳ್ಳಾಪುರದ ಕಡೆ ಬ್ರಾಯ್ಲರ್ ಕೋಳಿ ಫಾರಂ ಇಟ್ಟಿದ್ದರಂತೆ. ಮೈ ಭಾರಕ್ಕೆ ಕಾಲು ನಿಲ್ಲದೆ ಕುಸಿದು ಕೂತ ಕೋಳಿಗಳನ್ನು ಆರಿಸಿ ಹೊರಗೆ ಹಾಕುವ ಕೆಲಸ ಚಿಕ್ಕಂದಿನಲ್ಲಿ ಇವಳದ್ದು. ಒಂದು ದಿನ ತಟ್ಟೆ ಮುಂದೆ ಕೂತಾಗ ತುತ್ತು ಇಳಿಯಲಿಲ್ಲ, ಆಮೇಲೆ ಇಳಿಯಲೇ ಇಲ್ಲ. ಅಷ್ಟೇ ಅವಳ ಕಥೆ. ಅದರಲ್ಲಿ ಬೋಧನೆ ಏನೂ ಇರಲಿಲ್ಲ, ಹಾಗಾಗಿ ನನಗೆ ಹುಡುಗಿ ಹಿಡಿಸಿದಳು.

ಅಡುಗೆಮನೆಯಲ್ಲಿ ಸೌಟು ಬೇರೆ, ಬಾಣಲೆ ಬೇರೆ ಆಯಿತು. ಮುದ್ದೆ ಮಾತ್ರ ಒಂದೇ ಪಾತ್ರೆಯಲ್ಲಿ ತಿರುವುತ್ತಿದ್ದೆವು. ನಾನು ಕೈಮ ಉಂಡೆ ಮಾಡಿದ ದಿನ ಅವಳು ತಟ್ಟೆ ಎತ್ತಿಕೊಂಡು ಜಗಲಿಗೆ ಹೋಗುತ್ತಿದ್ದಳು. ಒಂದು ಸಲ ಅಲ್ಲಿಂದಲೇ ಕೇಳಿದಳು. "ಅಕ್ಕ, ಬೆಳಿಗ್ಗೆ ಇಂಜೆಕ್ಷನ್ ಕೊಟ್ಟ ಕೈಯಲ್ಲೇ ಮಧ್ಯಾಹ್ನ ಮೂಳೆ ಚೀಪ್ತೀರಲ್ಲ, ಹೆಂಗಾಗುತ್ತೆ?"

"ಕೈ ತೊಳ್ಕೊಂಡಿರ್ತೀನಿ ಕಣೇ" ಅಂದೆ.

ತಮಾಷೆ ಮಾಡಿ ತಪ್ಪಿಸಿಕೊಂಡೆ. ನನ್ನ ಮಟ್ಟಿಗೆ ನಾನು ಒಂದು ಲೆಕ್ಕಾಚಾರ ಇಟ್ಟುಕೊಂಡಿದ್ದೆ. ತಿನ್ನುವುದು ತಪ್ಪಲ್ಲ, ತಿನ್ನುವುದಕ್ಕೆ ಮುಂಚೆ ನರಳಿಸುವುದು ತಪ್ಪು. ಅದು ಕುಂಟು ನೆಪ ಅಂತ ಅವಳು. ನೆಪವಾದರೂ ಇದೆಯಲ್ಲ, ಬಹಳ ಜನಕ್ಕೆ ಅದೂ ಇಲ್ಲ ಅಂತ ನಾನು. ಹೀಗೆ ನಾವು ದಿನಾ ಕಿತ್ತಾಡುತ್ತಿದ್ದೆವು, ದಿನಾ ಒಟ್ಟಿಗೆ ಉಣ್ಣುತ್ತಿದ್ದೆವು.

ಆ ಟಗರು ಬೊಟ್ಟನ ಕಥೆ ಶುರುವಾದದ್ದು ಅದಕ್ಕೂ ಸ್ವಲ್ಪ ಮುಂಚೆ, ಬೇಸಿಗೆಯಲ್ಲಿ. ಮಿಡಿಗೇಶಿಯಿಂದ ಒಳಗೆ ಹೋದರೆ ಒಂದು ಸಣ್ಣ ಹಳ್ಳಿ, ಹೆಸರು ಹೇಳುವುದು ಬೇಡ. ಕಡಲೆಕಾಯಿ ಹೊಲ, ಹುಣಸೆಮರ, ಮನೆಗೊಂದು ಕುರಿದೊಡ್ಡಿ. ಅಲ್ಲಿನ ಪೂಜಾರಿ ಈರಣ್ಣ ನಮ್ಮ ಆಸ್ಪತ್ರೆಗೆ ಎತ್ತು ಹೊಡೆದುಕೊಂಡು ಬಂದವನು, "ಡಾಕ್ಟ್ರಮ್ಮ, ಮಂಗಳವಾರ ನಮ್ಮ ಮಾರಮ್ಮನ ಹಬ್ಬ, ಬಾಡೂಟಕ್ಕೆ ಬರ್ಲೇಬೇಕು" ಅಂದ. ಬಾಡೂಟ ಎಂದರೆ ನನ್ನನ್ನು ಎರಡನೇ ಸಲ ಕರೆಯಬೇಕಾಗಿಲ್ಲ.

ಆ ಊರಿನ ಕಟ್ಟಳೆ ಹೀಗಿತ್ತು. ಯಾರಾದರೂ ಹರಕೆ ಹೊತ್ತ ಟಗರು ಇದ್ದರೆ ಮೊದಲು ಅದನ್ನು ಗುಡಿಯ ಮುಂದೆ ನಿಲ್ಲಿಸಬೇಕು. ಅರಿಶಿನ, ಬೇವಿನ ಸೊಪ್ಪು ಹಾಕಿದ ಚೊಂಬಿನ ನೀರನ್ನು ಪೂಜಾರಿ ಅದರ ತಲೆಯಿಂದ ಬಾಲದವರೆಗೆ ಹುಯ್ಯಬೇಕು. ಟಗರು ಮೈ ಒದರಿದರೆ ಅದು ಒಪ್ಪಿತು, ಅಮ್ಮನೂ ಒಪ್ಪಿದಳು. ಒದರದಿದ್ದರೆ ಇಲ್ಲ. ಅವತ್ತು ಊರಲ್ಲಿ ಯಾರೂ ಕತ್ತಿ ಮುಟ್ಟುವ ಹಾಗಿಲ್ಲ. ಮುಂದಿನ ವರ್ಷ ಇನ್ನೊಮ್ಮೆ ಕೇಳಬೇಕು. ಆಗಲೂ ಒದರದಿದ್ದರೆ ಅಮ್ಮನಿಗೆ ಅದು ಬೇಡ ಎಂದೇ ಅರ್ಥ. ಕೊರಳಿಗೆ ಗಂಟೆ ಕಟ್ಟಿ ಬಿಟ್ಟುಬಿಡುತ್ತಾರೆ. ಸಾಯುವ ತನಕ ಅದು ಯಾರ ಹೊಲದಲ್ಲಿ ಮೇದರೂ ಯಾರೂ ಕೋಲೆತ್ತುವುದಿಲ್ಲ.

ಅವತ್ತು ನಿಲ್ಲಿಸಿದ್ದು ಹನುಮಕ್ಕನ ಟಗರು. ಕಪ್ಪು ಮೈ, ಹಣೆಯಲ್ಲಿ ಬೆಳ್ಳಗೆ ಒಂದು ಚುಕ್ಕೆ, ಅದಕ್ಕೇ ಬೊಟ್ಟ ಅಂತ ಹೆಸರು. ಈರಣ್ಣ ನೀರು ಹುಯ್ದ. ಜನವೆಲ್ಲ ಉಸಿರು ಹಿಡಿದರು. ಬೊಟ್ಟ ಅಲುಗಲಿಲ್ಲ. ನೀರು ಹೊಟ್ಟೆಯಿಂದ ತೊಟ್ಟಿಕ್ಕಿ ನೆಲಕ್ಕೆ ಇಳಿಯಿತು. ಅದು ಕಣ್ಣು ಅರ್ಧ ಮುಚ್ಚಿ ಬಿಸಿಲಿಗೆ ಸುಖವಾಗಿ ನಿಂತಿತ್ತು. ಕೊನೆಗೆ ಈರಣ್ಣ, "ಅಮ್ಮ ಒಲ್ಲೆ ಅಂದ್ಲು" ಅಂತ ಚೊಂಬು ಬೋರಲು ಹಾಕಿದ. ಬಾಡಿನ ಆಸೆಯಿಂದ ಹೋದ ನಾನು ಕುಂಬಳಕಾಯಿ ಹುಳಿ ಉಂಡು ಬಂದೆ. ಹನುಮಕ್ಕನ ಮೈದುನನ ಮಗ ಮಂಜ ಎಂಬ ಹುಡುಗ ಹೊಸದಾಗಿ ಮದುವೆಯಾದವನು, ಹೆಂಡತಿಯ ಕಡೆಯವರನ್ನೆಲ್ಲ ಊಟಕ್ಕೆ ಕರೆದಿದ್ದ. ಅವರು ಎಲೆ ಮುಂದೆ ಕೂತು ಕಿಸಿಕಿಸಿ ನಗುವುದು ನನಗೂ ಕೇಳಿಸಿತು. ಅವನ ಮುಖ ಕೆಂಪಗಾಗಿತ್ತು.

ಹನುಮಕ್ಕ ಗಂಡ ಇಲ್ಲದ ಹೆಂಗಸು, ಸಣ್ಣ ಮಂದೆ ಇಟ್ಟುಕೊಂಡು ಬದುಕುತ್ತಿದ್ದಳು. ಹಿಂದೊಂದು ವರ್ಷ ಕುರಿಗಳಿಗೆ ರೋಗ ಬಿದ್ದು ಅಕ್ಕಪಕ್ಕದ ದೊಡ್ಡಿಗಳು ಬರಿದಾದಾಗ, ಮಂದೆ ಉಳಿದರೆ ಬೊಟ್ಟನನ್ನು ಕೊಡುತ್ತೇನೆ ಎಂದು ಮಾರಮ್ಮನಿಗೆ ಹೇಳಿಕೊಂಡಿದ್ದಳು. ತಾಯಿ ಸತ್ತ ಮರಿ ಅದು, ಅವಳೇ ಬಾಟ್ಲಿಯಲ್ಲಿ ಹಾಲು ಕುಡಿಸಿ ಸಾಕಿದ್ದು. ತನಗೆ ಬೇಡವಾದದ್ದನ್ನು ಅಮ್ಮನಿಗೆ ಕೊಡುವುದು ಹರಕೆಯೇ ಅಲ್ಲ ಎಂದು ಅತಿ ಪ್ರೀತಿಯದ್ದನ್ನೇ ಹೆಸರಿಸಿಬಿಟ್ಟಿದ್ದಳು. ಮಂದೆ ಉಳಿಯಿತು. ಮಾತು ಉಳಿಸಿಕೊಳ್ಳುವ ಸರದಿ ಇವಳದ್ದಾಯಿತು.

ಅವಳ ತವರು ಪಾವಗಡದಾಚೆ. ಜನರ ಹತ್ತಿರ ಕನ್ನಡ, ಕುರಿಗಳ ಹತ್ತಿರ ತೆಲುಗು. ಸಂಜೆ ದೊಡ್ಡಿಯ ಬಾಗಿಲಲ್ಲಿ ನಿಂತು "ರಾ ನಾಯ್ನಾ, ರಾ" ಅಂತ ಕರೆದರೆ ಬೊಟ್ಟ ಎಲ್ಲಿದ್ದರೂ ಓಡಿ ಬರುತ್ತಿತ್ತು. ಬಾರೋ ಅಪ್ಪ, ಬಾ ಅಂತ ಅಷ್ಟೇ ಆ ಮಾತಿಗೆ ಅರ್ಥ.

ಮುಂಗಾರು ಅವಸರವಾಗಿ ಬಂದ ವರ್ಷ ಅದು. ಕಡಲೆಕಾಯಿ ಬಿತ್ತನೆ ಮುಗಿಯುವಷ್ಟರಲ್ಲಿ ಕುರಿಗಳಿಗೆ ನೀಲಿ ನಾಲಿಗೆ ರೋಗ ಹಬ್ಬಿತು. ತುಟಿ ಊದಿಕೊಳ್ಳುತ್ತದೆ, ಬಾಯಲ್ಲಿ ಹುಣ್ಣಾಗುತ್ತದೆ, ಮೇಯಲಾಗದೆ ಸೊರಗುತ್ತವೆ. ನಾನೊಬ್ಬಳೇ ಎಷ್ಟು ದೊಡ್ಡಿಗೆ ಹೋಗಲಿ? ಚೇತನಾ ಕಾಲೇಜಿಲ್ಲದ ದಿನವೆಲ್ಲ ನನ್ನ ಸ್ಕೂಟರಿನ ಹಿಂದೆ ಕೂತಳು. ಔಷಧಿ ಹಿಡಿದಳು, ಬೇವಿನ ಸೊಪ್ಪಿನ ಹೊಗೆ ಹಾಕಿ ನೊಣ ಓಡಿಸಿದಳು. ಮಾಂಸ ತಿನ್ನುವ ಊರು ಮಾಂಸ ಬಿಟ್ಟ ಹುಡುಗಿಯನ್ನು ಮೊದಲು ವಿಚಿತ್ರವಾಗಿ ನೋಡಿತು. ಆಮೇಲೆ ಕಾಫಿ ಕೊಡಲು ಶುರು ಮಾಡಿತು. ಹಾಲಿಲ್ಲದ ಬೆಲ್ಲದ ಕಾಫಿ.

ಬೊಟ್ಟನಿಗೂ ರೋಗ ತಗುಲಿತು. ಹನುಮಕ್ಕ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರೆ ಚೇತನಾ ರಾಗಿ ಗಂಜಿಯನ್ನು ಚಮಚದಲ್ಲಿ ಊದಿ ಊದಿ ಕುಡಿಸುತ್ತಿದ್ದಳು. ಒಂದು ವಾರ ಹೀಗೇ ನಡೆಯಿತು. ಕೊನೆಗೊಂದು ಮಧ್ಯಾಹ್ನ ಬೊಟ್ಟ ತಾನಾಗಿಯೇ ಬಾಯಿ ಹಾಕಿ ಹುಣಸೆ ಚಿಗುರು ಕಿತ್ತಿತು. ಇಬ್ಬರೂ ಹೆಂಗಸರು ಮಕ್ಕಳ ಹಾಗೆ ಕೂಗಿಕೊಂಡರು. ಆ ಸದ್ದಿಗೆ ಪಕ್ಕದ ಮನೆಯವರು ಏನಾಯಿತೋ ಅಂತ ಓಡಿ ಬಂದರು.

ಬೊಟ್ಟ ಚೇತರಿಸಿಕೊಂಡ ಮೇಲೆ ನನ್ನ ಕಣ್ಣಿಗೆ ಒಂದು ಸಂಗತಿ ಬಿತ್ತು. ಹನುಮಕ್ಕ ದಿನಾ ಅದಕ್ಕೆ ಸ್ನಾನ ಮಾಡಿಸುತ್ತಿದ್ದಳು. ಕೊಳವೆಬಾವಿಯ ತೊಟ್ಟಿಯ ಪಕ್ಕ ನಿಲ್ಲಿಸಿ, ಚೊಂಬಿನಲ್ಲಿ ನೀರು ತುಂಬಿ ತಲೆಯಿಂದ ಬಾಲದ ತನಕ ನಿಧಾನ ಹುಯ್ಯುವುದು. ಮೊದಲ ಚೊಂಬಿಗೆ ಒದರಲು ನೋಡಿದರೆ ಬೆನ್ನ ಮೇಲೆ ಅಂಗೈ ಇಟ್ಟು "ಹೂಂ ಹೂಂ" ಅನ್ನುವುದು. ಕುರಿಗೆ ದಿನಾ ಸ್ನಾನ ಮಾಡಿಸುವವರನ್ನು ನಾನು ಎಲ್ಲೂ ಕಂಡಿರಲಿಲ್ಲ. "ಇದ್ಯಾಕಮ್ಮ, ನೆಗಡಿ ಆದೀತು" ಅನ್ನಲು ಬಾಯಿ ತೆರೆದವಳು ಆ ಅಂಗೈಯನ್ನೇ ನೋಡುತ್ತ ನಿಂತೆ. ಅವಳು ಬೊಟ್ಟನಿಗೆ ನೀರು ರೂಢಿ ಮಾಡಿಸುತ್ತಿದ್ದಳು.

ನನಗೆ ಗೊತ್ತಾಯಿತೆಂದು ಅವಳಿಗೂ ಗೊತ್ತಾಯಿತು. ಚೊಂಬು ಕೆಳಗಿಟ್ಟು ಅಂದಳು. "ಬಾಯಲ್ಲಿ ಆಡ್ಬ್ಯಾಡಿ ಡಾಕ್ಟ್ರಮ್ಮ. ಕೊಟ್ಟ ಮಾತು ವಾಪಸ್ ತಗಳಾಕಾಯ್ತದಾ? ಅಮ್ಮ ತಾನೇ ಒಲ್ಲೆ ಅಂದ್ರೆ ಅದು ಬ್ಯಾರೆ."

ಮಾರಮ್ಮನಿಗೆ ಮೋಸ ಮಾಡುತ್ತಿದ್ದಾಳೆ ಎಂದು ನನಗೆ ಅನ್ನಿಸಲಿಲ್ಲ. ಇಬ್ಬರು ತಾಯಂದಿರ ನಡುವಿನ ಮಾತು ಅದು, ಮಧ್ಯದಲ್ಲಿ ನಾನ್ಯಾರು?

ಚಳಿಗಾಲದಲ್ಲಿ ಚೇತನಾ ಸಿರಾ ಕುರಿ ಸಂತೆಯ ಹುಚ್ಚು ಹಚ್ಚಿಕೊಂಡಳು. ಲಾರಿಗಳಲ್ಲಿ ಕುರಿಗಳನ್ನು ಒಂದರ ಮೇಲೊಂದು ತುರುಕುವುದನ್ನು ನೋಡಿ ಅವಳಿಗೆ ನಿದ್ದೆ ಇಲ್ಲ. ಒಂದು ಮಂಗಳವಾರ ನನ್ನನ್ನೂ ಎಳೆದುಕೊಂಡು ಹೋದಳು. ಅಲ್ಲಿ ಬಾಷಾ ಸಾಬರು ಅಂತ ಹಳೆಯ ವ್ಯಾಪಾರಿ, ಮಾಂಸದಂಗಡಿಯೂ ಅವರದ್ದೇ. ಇವಳು ನೇರ ಅವರ ಲಾರಿಗೆ ಅಡ್ಡ ನಿಂತಳು. ಇವತ್ತು ಇಲ್ಲಿ ಗಲಾಟೆ ಗ್ಯಾರಂಟಿ ಎಂದು ನಾನು ಹೆದರಿದೆ.

ಸಾಬರು ಗಡ್ಡ ಸವರಿಕೊಂಡು ಎಲ್ಲ ಕೇಳಿಸಿಕೊಂಡರು. "ಬೇಟಿ, ನೀರು ಕುಡಿಸ್ದೆ ಕುಯ್ಯೋದು ನಮ್ಮಲ್ಲೂ ಗುನಾ, ಪಾಪ. ಒಂದರ ಎದುರಿಗೆ ಇನ್ನೊಂದನ್ನ ಕುಯ್ಯೋಂಗಿಲ್ಲ, ಅದರ ಕಣ್ಮುಂದೆ ಚೂರಿ ಮಸೆಯೋಂಗಿಲ್ಲ. ನಮ್ಮಪ್ಪ ಹೇಳ್ಕೊಟ್ಟಿದ್ದು. ಈ ಲಾರಿಯವ್ರಿಗೆ ಯಾರು ಹೇಳ್ಕೊಡ್ತಾರೆ? ನೀನು ಬೈದಿದ್ದು ಒಳ್ಳೇದೇ ಆಯ್ತು ಬುಡು." ಮುಂದಿನ ಸಂತೆಗೆ ಹೋದಾಗ ಸಾಬರ ಜಾಗದಲ್ಲಿ ನೀರಿನ ಎರಡು ದೊಡ್ಡ ತೊಟ್ಟಿ ಇದ್ದವು, ಲಾರಿಯೊಳಗೆ ಹುಲ್ಲು ಹಾಸಿತ್ತು. ಬರುವಾಗ ಬಸ್ಸಿನಲ್ಲಿ ಚೇತನಾ, "ಅಕ್ಕ, ಕುಯ್ಯೋರ ಹತ್ರ ಮಾತಾಡೋದು ಇಷ್ಟು ಸಲೀಸು ಅಂತ ಗೊತ್ತಿರ್ಲಿಲ್ಲ" ಅಂದಳು. ಆ ಮಾತು ಅವಳಿಗೆ ಆಮೇಲೂ ನೆನಪಿರಬೇಕಿತ್ತು ಎಂದು ಎಷ್ಟು ಸಲ ಅಂದುಕೊಂಡಿದ್ದೇನೆ.

ಬೇವು ಚಿಗುರಿತು. ಹಬ್ಬ ಹತ್ತಿರ ಬಂತು. ಚೇತನಾ ಮುದ್ದೆ ನುಂಗುವುದು ಕಡಿಮೆ ಮಾಡಿದಳು. ಒಂದು ಸಂಜೆ ಒಲೆ ಮುಂದೆ ನಿಂತು, "ಬೊಟ್ಟನನ್ನ ಕುಯ್ಯೋದು ಕಾನೂನಿಗೇ ವಿರುದ್ಧ ಅಲ್ವಾ ಅಕ್ಕ?" ಅಂದಳು. ವಿರುದ್ಧವೇ. ದೇವರ ಮುಂದೆ ಬಲಿ ಕೊಡುವ ಹಾಗಿಲ್ಲ, ಎಲ್ಲರಿಗೂ ಗೊತ್ತು, ಎಲ್ಲ ಕಡೆಯೂ ನಡೆಯುತ್ತದೆ. ಅವಳ ಮನಸ್ಸು ಎಲ್ಲಿಗೆ ಹೋಗುತ್ತಿದೆ ಎಂದು ತಿಳಿದು, ಹನುಮಕ್ಕ ಬೇಡ ಅಂದಿದ್ದರೂ ಸ್ನಾನದ ಗುಟ್ಟನ್ನು ಹೇಳಿದೆ. "ಒಂದು ವಾರ ಸುಮ್ನಿರು ಚೇತನಾ. ಅದು ಒದರಲ್ಲ. ಒದರದಿದ್ರೆ ಊರೇ ಅದನ್ನ ಬಿಟ್ಟುಬಿಡುತ್ತೆ, ಜೀವನಪೂರ್ತಿ."

ಅವಳು ಒಲೆ ಆರಿಸಿದಳು. "ಒದರಿಬಿಟ್ರೆ? ಯಾವುದೋ ನೊಣ ಕೂತು ಒದರಿಬಿಟ್ರೆ? ಒಂದು ಜೀವಾನ ಒಂದು ಚೊಂಬು ನೀರಿನ ಮೇಲೆ ಬಿಡೋಕಾಗುತ್ತಾ ಅಕ್ಕ?"

ಅವಳು ಹೇಳಿದ್ದರಲ್ಲಿ ತಪ್ಪೇನಿದೆ ಎಂದು ಇವತ್ತೂ ನನಗೆ ತೋಚುವುದಿಲ್ಲ.

ಮಾರನೆಯ ದಿನ ಅವಳು ಬೆಂಗಳೂರಿನ ತನ್ನ ಪ್ರಾಣಿದಯೆಯ ಬಳಗಕ್ಕೆ ಫೋನು ಮಾಡಿದಳು. ಅವರು ಪೊಲೀಸರಿಗೆ ದೂರು ಕೊಟ್ಟರು. ಅಷ್ಟೇ ಆಗಿದ್ದರೆ ಹೇಗೋ ಸರಿಹೋಗುತ್ತಿತ್ತು. ಸಬ್ ಇನ್ಸ್‌ಪೆಕ್ಟರು ಊರಿಗೆ ಬಂದು ಹೇಳಿಹೋದ ಮೇಲೆ ಈರಣ್ಣ ಹುಣಸೆಮರದ ಕೆಳಗೆ ಹಿರಿಯರನ್ನು ಕೂಡಿಸಿದ. ಚೇತನಾ, ನಾನು ಇಬ್ಬರೂ ಹೋಗಿದ್ದೆವು. ಈರಣ್ಣನೇ ದಾರಿ ಹುಡುಕಿದ. "ನೀರು ಹುಯ್ಯಾದಂತೂ ಹುಯ್ತೀವಿ, ಅದಕ್ಕೆ ಯಾವ ಕಾನೂನೂ ಅಡ್ಡ ಬರಾಕಿಲ್ಲ. ಒದರ್ಲಿಲ್ಲ ಅಂದ್ರೆ ಮುಗೀತು. ಒದರಿದ್ರೆ ಕಿವಿ ಒಂಚೂರು ಗೀರಿ ರಕ್ತ ಮುಟ್ಟಿಸಿ ಬುಡಾನ. ಅಮ್ಮಂಗೂ ಇಂಗೆ ಕಾಲ ಬದಲಾಗಿರೋದು ಗೊತ್ತಾಗ್ಲಿ." ಹನುಮಕ್ಕ ಅಲ್ಲೇ ಒಂದು ಬದಿಗೆ ಕೂತಿದ್ದವಳು ಸೆರಗಲ್ಲಿ ಮುಖ ಒರೆಸಿಕೊಂಡಳು. ಚೇತನಾ ಓಡಿಹೋಗಿ ಈರಣ್ಣನ ಕೈ ಹಿಡಿದುಕೊಂಡಳು. ಹಬ್ಬದ ದಿನ ಬರುತ್ತೇವೆ ಅಂದಿದ್ದ ಬಳಗದವರಿಗೆ ಬರುವುದು ಬೇಡ ಎಂದು ಅಲ್ಲಿಂದಲೇ ಫೋನು ಮಾಡಿ ಹೇಳಿದಳು.

ಅವರು ಕೇಳಲಿಲ್ಲ. ಹಿಂದೆ ಯಾವತ್ತೋ ಚೇತನಾ ಬೊಟ್ಟನಿಗೆ ಗಂಜಿ ಕುಡಿಸುವ ವಿಡಿಯೋ ಅವರಿಗೆ ಕಳಿಸಿದ್ದಳಂತೆ. ಅದಕ್ಕೆ ದುಃಖದ ಸಂಗೀತ ಸೇರಿಸಿ, ಊರಿನ ಹೆಸರು ಹಾಕಿ, ಕಟುಕರ ಊರಿಂದ ಇವನನ್ನು ಕಾಪಾಡಲು ಮಂಗಳವಾರ ಬರುತ್ತಿದ್ದೇವೆ ಎಂದು ಬರೆದು ಎಲ್ಲ ಕಡೆ ಹಂಚಿದರು. ಸೋಮವಾರದ ಹೊತ್ತಿಗೆ ಅದು ಊರಿನ ಪ್ರತಿ ಫೋನಿಗೂ ತಲುಪಿತ್ತು. ಮಂಜನ ಹೆಂಡತಿಯ ಕಡೆಯವರು ಅದನ್ನು ಅವನಿಗೆ ಕಳಿಸಿ, ಹೋದ ವರ್ಷ ಕುಂಬಳಕಾಯಿ, ಈ ವರ್ಷ ಏನು ಅಂತ ಕೇಳಿದ್ದರು.

ಆಸ್ಪತ್ರೆ ಮುಂದೆ ಮಂಜ ನನ್ನ ಸ್ಕೂಟರ್ ತಡೆದ. ಕಣ್ಣಲ್ಲಿ ನೀರಿತ್ತು. "ಡಾಕ್ಟ್ರಮ್ಮ, ನೀವೂ ಬಾಡು ತಿಂತೀರಿ. ನೀವು ಹೇಳಿ. ಬೆಂಗ್ಳೂರಲ್ಲಿ ಬೀದಿಗೊಂದು ಹೋಟ್ಲು, ಅಲ್ಲಿ ದಿನಾ ಎಷ್ಟು ಬೀಳ್ತವೋ. ಅದ್ಯಾವುದೂ ಇವ್ರ ಕಣ್ಣಿಗೆ ಕಾಣಾಕಿಲ್ಲ. ವರ್ಷಕ್ಕೊಂದು ಸಲ ನಮ್ಮೂರ ಒಂದು ಮರಿ ಕಾಣ್ತದಾ? ನಾವು ಕೇಳಿ ಕುಯ್ಯೋರು. ನಾವು ಕಟುಕರಾ?"

"ನೀವು ಕೇಳೋರು ಅಂತ್ಲೇ ಹೇಳ್ತಿದ್ದೀನಿ ಮಂಜ. ನಾಳೆ ಕೇಳಿ, ಅವರ ಎದುರಿಗೇ ಕೇಳಿ. ಅವರೂ ನೋಡ್ಲಿ" ಅಂದೆ.

ಅವನು ತಲೆ ಆಡಿಸಿ ಹೋದ. ಮಾತು ಅವನಿಗೆ ನಾಟಿತು ಎಂದೇ ನಾನು ತಿಳಿದೆ.

ಮಂಗಳವಾರ ಬೆಳಕು ಹರಿಯುತ್ತಲೇ ಚೇತನಾ ಮತ್ತು ನಾನು ಹೊರಟೆವು. ಬೆಂಗಳೂರಿನ ಕಾರು ಬರುವ ಮುಂಚೆ ಅಲ್ಲಿರಬೇಕು, ಅವರನ್ನು ಊರಾಚೆಯೇ ನಿಲ್ಲಿಸಿ ಸಮಾಧಾನ ಮಾಡಬೇಕು ಎಂದು ಅವಳ ಲೆಕ್ಕ. ಊರಿಗೆ ಹೋದರೆ ಗುಡಿಯ ಮುಂದೆ ಯಾರೂ ಇಲ್ಲ. ಒಂದು ಮನೆಯ ಬಾಗಿಲೂ ಸರಿಯಾಗಿ ತೆರೆದಿರಲಿಲ್ಲ. ಮಂಜನ ಕೊಟ್ಟಿಗೆ ಕಡೆಯಿಂದ ಈರಣ್ಣ ಬರುತ್ತಿದ್ದ. ನಮ್ಮನ್ನು ನೋಡಿ ತಲೆಗೆ ಸುತ್ತಿದ್ದ ಟವೆಲ್ಲನ್ನು ಬಿಚ್ಚಿ ಬಾಯಿಗೆ ಒತ್ತಿಕೊಂಡ.

"ಮುಗುಸ್ಬುಟ್ರು ಕಣಮ್ಮ" ಅಂದ. "ಅವರು ಬಂದು ತಡೆಯೋಕೆ ಮುಂಚೆ ಅಂತ. ನನ್ನ ಕರೀಲಿಲ್ಲ. ನೀರೂ ಹುಯ್ಲಿಲ್ಲ."

ಕೊಟ್ಟಿಗೆಯ ಕತ್ತಲಲ್ಲಿ, ಸಗಣಿ ಬಾಚಿದ ನೆಲದ ಮೇಲೆ, ಹರಿದ ರಸಗೊಬ್ಬರದ ಚೀಲ ಹಾಸಿ ಕುಯ್ದಿದ್ದರು. ಅವಸರಕ್ಕೆ ಕತ್ತಿ ಮಸೆದಿರಲಿಲ್ಲ ಎಂದು ಗಾಯ ನೋಡಿದ ಕೂಡಲೇ ನನಗೆ ಗೊತ್ತಾಯಿತು. ಅದನ್ನು ಯಾರಿಗೂ ಹೇಳಲಿಲ್ಲ. ಮಂಜ ಮತ್ತು ಇನ್ನಿಬ್ಬರು ಹುಡುಗರು ಗೋಡೆಗೆ ಒರಗಿ ನಿಂತಿದ್ದರು. ಗೆದ್ದವರ ಮುಖ ಹಾಗಿರುವುದಿಲ್ಲ.

ಹನುಮಕ್ಕ ನಮ್ಮ ಹಿಂದೆಯೇ ಬಂದಳು. ಹೊಸ ಸೀರೆ ಉಟ್ಟಿದ್ದಳು, ಕೈಯಲ್ಲಿ ಅರಿಶಿನದ ನೀರಿನ ಚೊಂಬು. ಬೇವು ತರಲು ತೋಟಕ್ಕೆ ಹೋಗಿದ್ದಾಗ ದೊಡ್ಡಿಯಿಂದ ಎಳೆದೊಯ್ದಿದ್ದರು, ಅವಳಿಗೆ ಇನ್ನೂ ಗೊತ್ತಿರಲಿಲ್ಲ. ಬೊಟ್ಟ ಎಲ್ಲಿ ಎಂದು ಹುಡುಕಿಕೊಂಡು ಬಂದಿದ್ದಳು.

ಅವಳು ಹತ್ತಿರ ಹೋಗಿ ಮೊಣಕಾಲೂರಿದಳು. "ರಾ ನಾಯ್ನಾ" ಅಂದಳು, "ರಾ". ಆಮೇಲೆ ಚೊಂಬು ಬಗ್ಗಿಸಿ ಕೊರಳಿಂದ ಬಾಲದ ತನಕ ದಿನಾ ಹುಯ್ಯುವ ಹಾಗೆಯೇ ನಿಧಾನವಾಗಿ ನೀರು ಹುಯ್ದಳು. ಒದ್ದೆ ಉಣ್ಣೆಯ ವಾಸನೆ, ಅರಿಶಿನದ ವಾಸನೆ, ರಕ್ತದ ವಾಸನೆ ಎಲ್ಲ ಒಟ್ಟಿಗೆ ಎದ್ದವು. ಅವಳು ಮಂಜನ ಕಡೆ ತಿರುಗಿದಳು.

"ನೋಡ್ಲಾ. ಒದರ್ಲಿಲ್ಲ ಕಣ್ಲಾ."

ಮಂಜ ಗೋಡೆಯ ಕಡೆ ಮುಖ ತಿರುಗಿಸಿಕೊಂಡ. ಚೇತನಾ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಒಳಗೆ ಬರುವ ಧೈರ್ಯ ಅವಳಿಗಾಗಲಿಲ್ಲ.

ಕಾರು ಆಮೇಲೆ ಬಂತು. ಕ್ಯಾಮೆರಾ ಹಿಡಿದವರು ಖಾಲಿ ಗುಡಿಯ ಚಿತ್ರ ತೆಗೆದುಕೊಂಡರು. ಬಲಿ ತಡೆದೆವು ಎಂದು ಆಮೇಲೆ ಬರೆದುಕೊಂಡರಂತೆ. ಪೊಲೀಸರಿಗೆ ಯಾರೂ ಏನೂ ಹೇಳಲಿಲ್ಲ. ಮಂಜನ ಜೊತೆಗಿದ್ದ ಹುಡುಗರು ಮಾಂಸವನ್ನು ಪಾಲು ಮಾಡಿ ಎಲೆಯ ಮೇಲೆ ಗುಡ್ಡೆ ಹಾಕಿದರು. ಮನೆಗೊಂದು ಗುಡ್ಡೆ, ಅದು ಅಲ್ಲಿನ ರೂಢಿ. ಯಾರೂ ಬಂದು ಎತ್ತಿಕೊಳ್ಳಲಿಲ್ಲ. "ಕೇಳ್ದೆ ಕುಯ್ದ ಬಾಡು ನಂಗೆ ಬ್ಯಾಡ" ಅಂತ ಈರಣ್ಣ ಬೀದಿಯಲ್ಲೇ ನಿಂತು ಹೇಳಿದ. ಅವನು ನನಗಿಂತ ದೊಡ್ಡ ಬಾಡಿನ ಪ್ರಿಯ. ಸಂಜೆ ಎಲ್ಲವನ್ನೂ ಹೊಲದಲ್ಲಿ ಹೂತರು.

ಚೇತನಾ ಆ ತಿಂಗಳೇ ಕಾಲೇಜು ಬಿಟ್ಟಳು. ಹೋಗುವ ದಿನ ತನ್ನ ಸೌಟನ್ನು ಅಡುಗೆಮನೆಯಲ್ಲೇ ಬಿಟ್ಟಳು, ನಾನೂ ನೆನಪಿಸಲಿಲ್ಲ. ಹಾಸನದ ಕಡೆ ಬೇರೆ ಕಾಲೇಜು ಸಿಕ್ಕಿತು. ಈಗಲೂ ಆಗಾಗ ಫೋನು ಮಾಡುತ್ತಾಳೆ. ಹವಾಮಾನ, ಆರೋಗ್ಯ, ಸಂಬಳ ಎಲ್ಲ ಮಾತಾಡುತ್ತೇವೆ. ಬೊಟ್ಟನ ಹೆಸರು ಮಾತ್ರ ಇಬ್ಬರೂ ಎತ್ತುವುದಿಲ್ಲ. ಇಷ್ಟಾದ ಮೇಲೆ ನಾನು ಮಾಂಸ ಬಿಟ್ಟೆನಾ ಎಂದರೆ, ಇಲ್ಲ. ಬಿಟ್ಟಿದ್ದರೆ ಹೇಳಿಕೊಳ್ಳಲು ಚೆನ್ನಾಗಿರುತ್ತಿತ್ತು.

ಎಷ್ಟೋ ವರ್ಷದ ಮೇಲೆ, ಆ ಮಳೆಯ ದಿನ, ಮಿಡಿಗೇಶಿಯಲ್ಲಿ ಬಸ್ಸಿಳಿದು ಆಟೋ ಹಿಡಿದು ಆ ಊರಿಗೆ ಹೋದಾಗ ಮಳೆ ನಿಂತಿತ್ತು. ಎದುರಿಗೆ ಒಬ್ಬ ಬೈಕಿನ ಹ್ಯಾಂಡಲಿಗೆ ಬ್ರಾಯ್ಲರ್ ಕೋಳಿಗಳನ್ನು ತಲೆಕೆಳಗಾಗಿ ನೇತುಹಾಕಿಕೊಂಡು ಹೋದ. ಈಗ ಹಬ್ಬಕ್ಕೂ ಅವೇ ಬರುತ್ತವೆ ಎಂದು ಆಟೋದವನು ಹೇಳಿದ. ಗುಡಿ ಮುಂದೆ ಬಲಿ ಇಲ್ಲ. ನೀರು ಹುಯ್ದು ಕೇಳುವುದೂ ಇಲ್ಲ. ಯಾವುದನ್ನೂ ಕೇಳುವ ಪ್ರಶ್ನೆಯೇ ಇಲ್ಲ.

ಹನುಮಕ್ಕ ದೊಡ್ಡಿಯ ಬಾಗಿಲಲ್ಲೇ ಕೂತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನ ಗುರುತು ಹಿಡಿದು, "ಡಾಕ್ಟ್ರಮ್ಮಾ!" ಅಂತ ಎರಡೂ ಕೈ ಹಿಡಿದುಕೊಂಡಳು. ಕಾಫಿ ಕೊಟ್ಟಳು. ಮಳೆ ಮಾತಾಯಿತು, ಮಂಜನ ಮಕ್ಕಳ ಮಾತಾಯಿತು. ಅವನು ಊರು ಬಿಟ್ಟು ಮಧುಗಿರಿಯಲ್ಲಿ ಗಾರೆ ಕೆಲಸ ಮಾಡುತ್ತಾನಂತೆ, ಹಬ್ಬಕ್ಕೆ ಬರುವುದಿಲ್ಲವಂತೆ. ಕೊನೆಗೆ ಅವಳೇ ಕೇಳಿದಳು. "ಆ ಮಗ ಹೆಂಗೈತೆ? ಗಂಜಿ ಕುಡಿಸ್ತಿತ್ತಲ್ಲ?"

ನಾನು ಫೋನು ಹಚ್ಚಿ ಚೇತನಾಗೆ ಯಾರ ಮನೆಯಲ್ಲಿದ್ದೇನೆಂದು ಹೇಳಿದೆ. ಸ್ಪೀಕರ್ ಹಾಕಿ ಹನುಮಕ್ಕನ ಕೈಗೆ ಕೊಟ್ಟೆ.

"ಊಟ ಆಯ್ತಾ ಮಗ?" ಅಂದಳು ಹನುಮಕ್ಕ.

"ಆಯ್ತಮ್ಮ."

"ಏನು ಉಂಡೆ?"

"ಮುದ್ದೆ, ಸೊಪ್ಪಿನ ಸಾರು."

"ಇನ್ನೂ ಬಾಡು ತಿನ್ನಾಕಿಲ್ವಾ ನೀನು?"

"ಇಲ್ಲಮ್ಮ."

ಹನುಮಕ್ಕ ದೊಡ್ಡಿಯೊಳಗೆ ನೋಡಿದಳು. ಒದ್ದೆ ಕುರಿಗಳು ಒಂದಕ್ಕೊಂದು ಒತ್ತಿಕೊಂಡು ಮೈ ಒದರಿ ಒಣಗಿಸಿಕೊಳ್ಳುತ್ತಿದ್ದವು.

"ನಾನೂ ಬುಟ್ಟೆ ಕಣ್ ಮಗ" ಅಂದಳು. "ಅವತ್ತಿಂದ."